ಗಾಳಿಗೊಂದು ದಾರಿ: ಮನೆಯಲ್ಲಿ ಜೋಡಿಸಿದ ಕಂಪ್ಯೂಟರಿಗೆ ಫ್ಯಾನುಗಳನ್ನು ಕೂರಿಸುವ ಬಗೆ

ಏಪ್ರಿಲ್ ಬಂದಿತೆಂದರೆ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಸುತ್ತಮುತ್ತ ಮನೆಯಲ್ಲೇ ಕಂಪ್ಯೂಟರ್ ಜೋಡಿಸಿಕೊಂಡವರ ಬಾಯಲ್ಲಿ ಒಂದೇ ಬಗೆಯ ದೂರು ಕೇಳಿಬರುತ್ತದೆ. ಬೆಳಗ್ಗೆ ಸಲೀಸಾಗಿ ಓಡುತ್ತಿದ್ದ ಯಂತ್ರ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಮಂಕಾಗುತ್ತದೆ, ಫ್ಯಾನುಗಳು ಜೋರಾಗಿ ಸದ್ದು ಮಾಡತೊಡಗುತ್ತವೆ, ಅರ್ಧ ಗಂಟೆಯಲ್ಲಿ ಮುಗಿಯಬೇಕಾದ ಕೆಲಸ ಒಂದು ಗಂಟೆ ಹಿಡಿಯುತ್ತದೆ. ಕಂಪ್ಯೂಟರ್ ಎಂದರೆ ಟೈಪಿಂಗ್ ಮತ್ತು ಲೆಕ್ಕಪತ್ರದ ಸಾಧನ ಎಂದಿದ್ದ ಕಾಲದಲ್ಲಿ ಈ ತೊಂದರೆ ಯಾರನ್ನೂ ಅಷ್ಟಾಗಿ ಕಾಡಿರಲಿಲ್ಲ. ಈಗ ಊರಿನಲ್ಲೇ ಕುಳಿತು ಬೆಂಗಳೂರಿನ ಕಚೇರಿಯ ಕೆಲಸ ಮಾಡುವವರಿದ್ದಾರೆ, ಇಡೀ ರಾತ್ರಿಯ ಯಕ್ಷಗಾನದ ಚಿತ್ರೀಕರಣವನ್ನು ಸಂಕಲನ ಮಾಡುವ ಹುಡುಗರಿದ್ದಾರೆ, ಎಂಜಿನಿಯರಿಂಗ್ ಓದುವ ಮಕ್ಕಳಿದ್ದಾರೆ. ಅವರ ಯಂತ್ರಗಳು ಗಂಟೆಗಟ್ಟಲೆ ಪೂರ್ಣ ಹೊರೆಯಲ್ಲಿ ದುಡಿಯುತ್ತವೆ. ಆದ್ದರಿಂದ ಒಳಗಿನ ಬಿಸಿಯನ್ನು ಹೊರಗೆ ಹಾಕುವುದು ಹೇಗೆ ಎಂಬ ಪ್ರಶ್ನೆ ಈಗ ಮನೆಮನೆಯದಾಗಿದೆ.

ಬದಿಯಡ್ಕದ ಬಳಿ ಇರುವ ನನ್ನ ಅಕ್ಕನ ಮಗನ ಕಂಪ್ಯೂಟರಿನಲ್ಲಿ ನಾಲ್ಕು ಫ್ಯಾನುಗಳಿದ್ದವು. ಬಿಡಿಭಾಗಗಳನ್ನು ಒಂದೊಂದಾಗಿ ತರಿಸಿ, ಶ್ರದ್ಧೆಯಿಂದ ತಾನೇ ಜೋಡಿಸಿದ್ದ. ಆದರೂ ಯಕ್ಷಗಾನದ ವಿಡಿಯೊ ಸಿದ್ಧಪಡಿಸುವಾಗ ಪ್ರೊಸೆಸರಿನ ಉಷ್ಣತೆ 95 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿತ್ತು. ಇನ್ನೂ ಎರಡು ಫ್ಯಾನು ತರಿಸಲೇ ಎಂದು ಅವನು ಕೇಳಿದ. ಅವನ ಯಂತ್ರದ ಕೊರತೆ ಫ್ಯಾನುಗಳ ಸಂಖ್ಯೆಯಲ್ಲಿರಲಿಲ್ಲ, ಗಾಳಿ ಸಾಗುವ ದಾರಿಯಲ್ಲಿತ್ತು. ಆ ದಾರಿಯೆಂದರೇನು, ಅದನ್ನು ಹೇಗೆ ಮಾಡಿಕೊಡಬೇಕು ಎಂಬುದನ್ನು ಮೊದಲಿನಿಂದ ನೋಡೋಣ.

ಬಿಸಿ ಹುಟ್ಟುವುದು ಎಲ್ಲಿ, ಹೋಗುವುದು ಎಲ್ಲಿಗೆ

ಕಂಪ್ಯೂಟರ್ ಹೀರಿಕೊಳ್ಳುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಕೊನೆಗೆ ಬಿಸಿಯಾಗಿಯೇ ಹೊರಬರುತ್ತದೆ. ಯಂತ್ರವೊಂದು 300 ವ್ಯಾಟ್ ಬಳಸುತ್ತಿದೆ ಎಂದರೆ, ಹಿಂದಿನ ಕಾಲದ 60 ವ್ಯಾಟಿನ ಐದು ಬಲ್ಬುಗಳನ್ನು ಒಂದು ತಗಡಿನ ಪೆಟ್ಟಿಗೆಯೊಳಗೆ ಉರಿಸಿಟ್ಟಷ್ಟು ಬಿಸಿ ಅಲ್ಲಿ ಹುಟ್ಟುತ್ತಿದೆ ಎಂದು ತಿಳಿಯಬೇಕು. ಆ ಪೆಟ್ಟಿಗೆಯನ್ನು ಮನೆಗಳಲ್ಲಿ ಸಾಮಾನ್ಯವಾಗಿ ಸಿಪಿಯು ಎಂದೇ ಕರೆಯುತ್ತಾರೆ. ಆದರೆ ಸಿಪಿಯು ಅಥವಾ ಪ್ರೊಸೆಸರ್ ಎಂಬುದು ಒಳಗಿರುವ, ಅಂಗೈಯಲ್ಲಿ ಹಿಡಿಯಬಹುದಾದ ಒಂದು ಚಿಪ್ಪು ಮಾತ್ರ. ಗೊಂದಲ ಬೇಡವೆಂದು ಈ ಲೇಖನದಲ್ಲಿ ಪೆಟ್ಟಿಗೆಗೆ, ಅಂಗಡಿಯವರು ಹೇಳುವಂತೆ, ಕ್ಯಾಬಿನೆಟ್ ಎನ್ನುತ್ತೇನೆ.

ಬಿಸಿಯ ಮೂಲಗಳಲ್ಲಿ ಎರಡು ಮುಖ್ಯ. ಮೊದಲನೆಯದು ಪ್ರೊಸೆಸರ್, ಮನೆಬಳಕೆಯ ಮಾದರಿಗಳ ಮೇಲೆ 65 ವ್ಯಾಟ್, 105 ವ್ಯಾಟ್, 125 ವ್ಯಾಟ್ ಎಂಬ ಅಂಕಿಗಳಿರುತ್ತವೆ, ಪೂರ್ಣ ಹೊರೆಯಲ್ಲಿ ಹಲವು ಮಾದರಿಗಳು ಅದನ್ನೂ ಮೀರುತ್ತವೆ. ಎರಡನೆಯದು ತೆರೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್. ಆರ್‌ಟಿಎಕ್ಸ್ 3060 ಎಂಬ ಮಧ್ಯಮ ದರ್ಜೆಯ ಕಾರ್ಡು 170 ವ್ಯಾಟ್ ಬಳಸಿದರೆ, ಆರ್‌ಟಿಎಕ್ಸ್ 4090 ಒಂದೇ 450 ವ್ಯಾಟ್ ಬಳಸುತ್ತದೆ. ಎಸ್‌ಎಂಪಿಎಸ್, ಅಂದರೆ ಮನೆಯ ಕರೆಂಟನ್ನು ಯಂತ್ರಕ್ಕೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸಿಕೊಡುವ ಪೆಟ್ಟಿಗೆ, ತನ್ನ ಪಾಲಿನ ಬಿಸಿಯನ್ನು ತನ್ನದೇ ಫ್ಯಾನಿನಿಂದ ಹೊರಗೆ ಹಾಕುತ್ತದೆ.

ಈ ಬಿಸಿ ಮೂರು ಕೈ ದಾಟಿ ಹೊರಗೆ ಹೋಗಬೇಕು. ಅಡಿಕೆ ಕೊಯ್ಲಿನ ದಿನವನ್ನು ನೆನಪಿಸಿಕೊಳ್ಳಿ. ಒಬ್ಬರು ಮರದಿಂದ ಕೊನೆ ಇಳಿಸುತ್ತಾರೆ, ಇನ್ನೊಬ್ಬರು ತೋಟದಿಂದ ಹೊತ್ತು ತರುತ್ತಾರೆ, ಮತ್ತೊಬ್ಬರು ಅಂಗಳದಲ್ಲಿ ಹರವುತ್ತಾರೆ. ನಡುವಿನವರು ಬಾರದಿದ್ದರೆ ಕೊಯ್ಯುವವರು ಎಷ್ಟು ಚುರುಕಾಗಿದ್ದರೂ ಅಡಿಕೆ ತೋಟದಲ್ಲೇ ರಾಶಿ ಬೀಳುತ್ತದೆ. ಪ್ರೊಸೆಸರಿನ ಮೇಲೆ ಕೂರುವ ಲೋಹದ ಹಲ್ಲುಗಳ ಗಟ್ಟಿ, ಅಂದರೆ ಹೀಟ್‌ಸಿಂಕ್, ಮತ್ತು ಅದಕ್ಕೆ ಅಂಟಿಕೊಂಡ ಫ್ಯಾನು ಚಿಪ್ಪಿನ ಬಿಸಿಯನ್ನು ಕ್ಯಾಬಿನೆಟ್ಟಿನೊಳಗಿನ ಗಾಳಿಗೆ ದಾಟಿಸುತ್ತವೆ, ಅಷ್ಟೆ. ಆ ಗಾಳಿಯನ್ನು ಪೆಟ್ಟಿಗೆಯಿಂದ ಹೊರಗೆ ಕಳಿಸುವುದು ಕ್ಯಾಬಿನೆಟ್ ಫ್ಯಾನುಗಳ ಕೆಲಸ. ಕೋಣೆಯಿಂದ ಹೊರಗೆ ಕಳಿಸುವುದು ಕಿಟಕಿ ಮತ್ತು ಬಾಗಿಲಿನ ಕೆಲಸ. ನಡುವಿನ ಕೊಂಡಿ ತಪ್ಪಿದಾಗ ಎಷ್ಟು ದುಬಾರಿ ಹೀಟ್‌ಸಿಂಕ್ ಕೂರಿಸಿದರೂ ಅದು ಬಿಸಿ ಗಾಳಿಯನ್ನೇ ಮತ್ತೆ ಮತ್ತೆ ತನ್ನ ಮೈಮೇಲೆ ಎಳೆದುಕೊಳ್ಳುತ್ತದೆ.

ಬಿಸಿ ಹೆಚ್ಚಾದರೆ ಯಂತ್ರ ಸುಟ್ಟುಹೋಗುತ್ತದೆಯೇ? ಈಗಿನ ಪ್ರೊಸೆಸರುಗಳು ಅಷ್ಟು ಸುಲಭವಾಗಿ ಸುಡುವುದಿಲ್ಲ. ಇಂಟೆಲ್‌ನ ಹಲವು ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೆ 100 ಡಿಗ್ರಿ, ಎಎಂಡಿ ಸಂಸ್ಥೆಯ ರೈಜನ್ 7000 ಸರಣಿಯ ಹೆಚ್ಚಿನವಕ್ಕೆ 95 ಡಿಗ್ರಿ ಎಂಬ ಗಡಿಯಿದೆ. ಆ ಗಡಿ ತಲುಪಿದೊಡನೆ ಚಿಪ್ಪು ತನ್ನ ವೇಗವನ್ನು ತಾನೇ ತಗ್ಗಿಸಿ ಬಿಸಿ ಕಡಿಮೆ ಮಾಡಿಕೊಳ್ಳುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಎಂದು ಹೆಸರು. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಹೊರೆ ಹೊತ್ತವನು ಬೀಳುವ ಬದಲು ನಡಿಗೆಯನ್ನು ನಿಧಾನಿಸಿದ ಹಾಗೆ. ಮಧ್ಯಾಹ್ನದ ಮಂಕುತನಕ್ಕೆ ಬಹಳ ಸಲ ಇದೇ ಕಾರಣ. ಚಿಪ್ಪು ಹೀಗೆ ತನ್ನನ್ನು ಕಾಪಾಡಿಕೊಂಡರೂ ಸುತ್ತಲಿನ ಭಾಗಗಳಿಗೆ ಆ ಅನುಕೂಲವಿಲ್ಲ. ಎಸ್‌ಎಂಪಿಎಸ್ ಮತ್ತು ಮದರ್‌ಬೋರ್ಡಿನಲ್ಲಿರುವ (ಎಲ್ಲ ಭಾಗಗಳೂ ಬಂದು ಸೇರುವ ಮುಖ್ಯ ಹಲಗೆಯದು) ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಸಣ್ಣ ಬಿಡಿಭಾಗಗಳ, ಆಯುಸ್ಸು ಉಷ್ಣತೆ 10 ಡಿಗ್ರಿ ಏರಿದಾಗಲೆಲ್ಲ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳು ರೂಢಿಯಿಂದ ಬಳಸುವ ಲೆಕ್ಕ.

ಎಷ್ಟು ಗಾಳಿ ಬೇಕು

ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ. ಅದು ಬಿಸಿಯಾದ ಗಾಳಿಯನ್ನು ತೆಗೆದು, ಅದರ ಜಾಗಕ್ಕೆ ಕೋಣೆಯ ಗಾಳಿಯನ್ನು ತರುತ್ತದೆ. ಆದ್ದರಿಂದ ಕೋಣೆಯಲ್ಲಿ 34 ಡಿಗ್ರಿ ಇದ್ದರೆ, ಕ್ಯಾಬಿನೆಟ್ಟಿನೊಳಗಿನ ಗಾಳಿಯನ್ನು ಯಾವ ಫ್ಯಾನೂ 34ಕ್ಕಿಂತ ಕೆಳಗೆ ಇಳಿಸಲಾರದು.

ಗಾಳಿಯ ಪ್ರಮಾಣವನ್ನು ಫ್ಯಾನಿನ ಪೊಟ್ಟಣದ ಮೇಲೆ ಸಿಎಫ್‌ಎಂ ಎಂಬ ಅಳತೆಯಲ್ಲಿ ಬರೆದಿರುತ್ತಾರೆ. ಒಂದು ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬುದು ಅದರ ಅರ್ಥ. ಒಂದು ಘನ ಅಡಿಯೆಂದರೆ ಸುಮಾರು 28 ಲೀಟರ್. 300 ವ್ಯಾಟ್ ಬಿಸಿ ಹೊರಸೂಸುವ ಯಂತ್ರದ ಮೂಲಕ ನಿಮಿಷಕ್ಕೆ 30 ಘನ ಅಡಿ, ಅಂದರೆ ಸುಮಾರು 850 ಲೀಟರ್ ಗಾಳಿ ಹಾದುಹೋದರೆ, ಒಳಬಂದ ಗಾಳಿ ಹೊರಹೋಗುವಾಗ ಸುಮಾರು 18 ಡಿಗ್ರಿಯಷ್ಟು ಬಿಸಿಯಾಗಿರುತ್ತದೆ. 34 ಡಿಗ್ರಿಯಲ್ಲಿ ಒಳಹೊಕ್ಕದ್ದು 52 ಡಿಗ್ರಿಯಲ್ಲಿ ಹೊರಬರುತ್ತದೆ. ಗಾಳಿಯನ್ನು ಎರಡರಷ್ಟು ಮಾಡಿದರೆ ಏರಿಕೆ 9 ಡಿಗ್ರಿಗೆ ಇಳಿಯುತ್ತದೆ. ಇನ್ನೊಮ್ಮೆ ಎರಡರಷ್ಟು ಮಾಡಿದರೆ ನಾಲ್ಕೂವರೆ ಡಿಗ್ರಿ. ಇಲ್ಲಿ ಗಮನಿಸಬೇಕಾದದ್ದು ಲಾಭ ಕ್ರಮೇಣ ಕಡಿಮೆಯಾಗುತ್ತಾ ಹೋಗುವ ಬಗೆ. ಮೊದಲ ಹೆಚ್ಚಳದಲ್ಲಿ 9 ಡಿಗ್ರಿ ಇಳಿಯಿತು, ಎರಡನೆಯದರಲ್ಲಿ ಅದರ ಅರ್ಧ ಮಾತ್ರ. ಸಾಧಾರಣ ಯಂತ್ರಕ್ಕೆ ಸರಿಯಾಗಿ ಕೂರಿಸಿದ ಮೂರು ಫ್ಯಾನು ಸಾಕಾಗುವುದು, ಏಳನೆಯ ಫ್ಯಾನಿನಿಂದ ಒಂದೆರಡು ಡಿಗ್ರಿಯ ವ್ಯತ್ಯಾಸವೂ ಕಾಣದಿರುವುದು ಇದೇ ಕಾರಣಕ್ಕೆ.

ಕರಾವಳಿಯ ತೇವದ ಗಾಳಿ ಬಿಸಿಯನ್ನು ಸರಿಯಾಗಿ ಹೊರುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ನಮಗೆ ಸೆಕೆಯಾಗುವುದು ಮೈಬೆವರು ಆರದೆ ಇರುವುದರಿಂದ. ಯಂತ್ರ ಬೆವರುವುದಿಲ್ಲವಾದ್ದರಿಂದ ಅದಕ್ಕೆ ಕೋಣೆಯ ಉಷ್ಣತೆಯಷ್ಟೇ ಲೆಕ್ಕಕ್ಕೆ ಬರುತ್ತದೆ. ತೇವ ಬೇರೆ ಬಗೆಯಲ್ಲಿ ತೊಂದರೆ ಕೊಡುತ್ತದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಫ್ಯಾನಿನ ಮುಖ ಯಾವುದು, ಬೆನ್ನು ಯಾವುದು

ಕ್ಯಾಬಿನೆಟ್ ಫ್ಯಾನು ಒಂದೇ ದಿಕ್ಕಿಗೆ ಗಾಳಿ ನೂಕುತ್ತದೆ. ಅದನ್ನು ಕೈಯಲ್ಲಿ ಹಿಡಿದು ನೋಡಿದರೆ ಒಂದು ಬದಿಯಲ್ಲಿ ಎಲೆಗಳು ತೆರೆದುಕೊಂಡು ಪೂರ್ತಿಯಾಗಿ ಕಾಣುತ್ತವೆ. ಇನ್ನೊಂದು ಬದಿಯಲ್ಲಿ ಮೋಟಾರನ್ನು ಹಿಡಿದಿರುವ ಮೂರು ನಾಲ್ಕು ಕಡ್ಡಿಗಳು ಅಡ್ಡಲಾಗಿರುತ್ತವೆ, ವೈರು ಹೊರಡುವುದೂ ಸಾಮಾನ್ಯವಾಗಿ ಆ ಬದಿಯಿಂದಲೇ. ತೆರೆದ ಬದಿಯಿಂದ ಗಾಳಿ ಒಳಗೆ ಬರುತ್ತದೆ, ಕಡ್ಡಿಗಳಿರುವ ಬದಿಯಿಂದ ಹೊರಗೆ ಹೋಗುತ್ತದೆ. ಕೆಲವು ಫ್ಯಾನುಗಳ ಚೌಕಟ್ಟಿನ ಅಂಚಿನಲ್ಲಿ ಎರಡು ಬಾಣದ ಗುರುತುಗಳಿರುತ್ತವೆ: ಒಂದು ಎಲೆ ತಿರುಗುವ ದಿಕ್ಕು, ಇನ್ನೊಂದು ಗಾಳಿ ಸಾಗುವ ದಿಕ್ಕು. ಎಲೆಗಳನ್ನು ಉಲ್ಟಾ ಜೋಡಿಸಿದ, ಕಡ್ಡಿಯ ಬದಿಯಿಂದ ಗಾಳಿ ಎಳೆಯುವ ವಿಶೇಷ ಮಾದರಿಗಳೂ ಮಾರುಕಟ್ಟೆಯಲ್ಲಿವೆ, ಆದ್ದರಿಂದ ಬಾಣವಿದ್ದರೆ ಅದನ್ನೇ ನಂಬಬೇಕು.

ಬಣ್ಣದ ದೀಪಗಳಿರುವ ಫ್ಯಾನುಗಳು ಬಂದ ಮೇಲೆ ಇಲ್ಲಿ ಆಗುವ ತಪ್ಪು ಹೆಚ್ಚಾಗಿದೆ. ದೀಪಗಳು ಅಂದವಾಗಿ ಕಾಣುವುದು ತೆರೆದ ಬದಿಯಿಂದ. ಕ್ಯಾಬಿನೆಟ್ಟಿನ ಪಕ್ಕದ ಗಾಜಿನ ಮೂಲಕ ಎಲ್ಲ ಫ್ಯಾನುಗಳೂ ಚೆಂದ ಕಾಣಲೆಂದು ತೆರೆದ ಬದಿಯನ್ನು ಕ್ಯಾಬಿನೆಟ್ಟಿನ ಒಳಗಡೆಗೆ ಇಟ್ಟರೆ, ಎಲ್ಲವೂ ಒಳಗಿನ ಗಾಳಿಯನ್ನು ಹೊರಗೆ ದೂಡುತ್ತವೆಯೇ ಹೊರತು ಒಂದೂ ಒಳಗೆ ತರುವುದಿಲ್ಲ.

ಒಳಬರುವ ಬಾಗಿಲು, ಹೊರಹೋಗುವ ಬಾಗಿಲು

ನಮ್ಮ ಕಡೆಯ ಹಳೆಯ ಹಂಚಿನ ಮನೆಗಳಲ್ಲಿ ಚಾವಡಿಯ ಬಾಗಿಲಿಗೆ ಎದುರಾಗಿ ಹಿತ್ತಿಲ ಬಾಗಿಲು ಇರುವುದನ್ನು ನೋಡಿರುತ್ತೀರಿ. ಎರಡೂ ತೆರೆದಿದ್ದಾಗ ಗಾಳಿ ನೇರವಾಗಿ ಹಾದುಹೋಗುತ್ತದೆ, ನಡುವೆ ಕುಳಿತವರಿಗೆ ತಂಪೆನಿಸುತ್ತದೆ. ಒಂದನ್ನು ಮುಚ್ಚಿದರೆ ಇನ್ನೊಂದು ತೆರೆದಿದ್ದರೂ ಗಾಳಿ ಅಲ್ಲಾಡುವುದಿಲ್ಲ. ಗಾಳಿ ಹೊರಡುವ ದಾರಿಯಿಲ್ಲದಲ್ಲಿ ಹೊಸ ಗಾಳಿ ಬರುವುದಿಲ್ಲ, ಬರುವ ದಾರಿಯಿಲ್ಲದಲ್ಲಿ ಹೊರಡುವುದೂ ಇಲ್ಲ. ಕ್ಯಾಬಿನೆಟ್ಟಿಗೂ ಇದೇ ನಿಯಮ. ಮುಂಭಾಗದಿಂದ ತಂಪು ಗಾಳಿ ಬರಬೇಕು, ಗ್ರಾಫಿಕ್ಸ್ ಕಾರ್ಡು ಮತ್ತು ಪ್ರೊಸೆಸರುಗಳನ್ನು ದಾಟಬೇಕು, ಹಿಂಭಾಗದ ಮೇಲ್ತುದಿಯಿಂದ ಹೊರಗೆ ಹೋಗಬೇಕು. ಇಂದಿನ ಹೆಚ್ಚಿನ ಕ್ಯಾಬಿನೆಟ್ಟುಗಳು ಈ ದಾರಿಗೆಂದೇ ರೂಪುಗೊಂಡಿವೆ.

ಎರಡೇ ಫ್ಯಾನುಗಳಿದ್ದರೆ ಒಂದನ್ನು ಮುಂದೆ ಒಳಮುಖವಾಗಿ, ಅಂದರೆ ಗಾಳಿ ಒಳಗೆ ಬರುವಂತೆ, ಇನ್ನೊಂದನ್ನು ಹಿಂದೆ ಹೊರಮುಖವಾಗಿ, ಅಂದರೆ ಗಾಳಿ ಹೊರಗೆ ಹೋಗುವಂತೆ, ಕೂರಿಸಬೇಕು. ಮೂರನೆಯದು ಸಿಕ್ಕರೆ ಅದೂ ಮುಂದೆಯೇ ಹೋಗಲಿ. ಮುಂದಿನ ಎರಡರಲ್ಲಿ ಕೆಳಗಿನದು ಗ್ರಾಫಿಕ್ಸ್ ಕಾರ್ಡಿನ ಮಟ್ಟಕ್ಕೆ, ಮೇಲಿನದು ಪ್ರೊಸೆಸರಿನ ಮಟ್ಟಕ್ಕೆ ಬಂದರೆ ಎರಡಕ್ಕೂ ನೇರ ಗಾಳಿ ದೊರೆಯುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಮುಂದೆ ಎರಡು ಹಿಂದೆ ಒಂದು ಎಂಬ ಈ ಜೋಡಣೆಯನ್ನು ಮೊದಲು ಮಾಡಿ, ಉಷ್ಣತೆ ಅಳೆದು ನೋಡಿ, ಆ ಮೇಲಷ್ಟೇ ಮುಂದಿನ ಖರ್ಚಿನ ಯೋಚನೆ ಮಾಡುವುದು ಒಳ್ಳೆಯದು.

ನಾಲ್ಕನೆಯ ಫ್ಯಾನು ಮೇಲ್ಭಾಗಕ್ಕೆ ಹೋಗುವುದಾದರೆ ಅದನ್ನು ಹಿಂತುದಿಯ ಕಡೆಗೆ, ಹೊರಮುಖವಾಗಿ ಕೂರಿಸಬೇಕು. ಮೇಲ್ಭಾಗದ ಮುಂತುದಿಯಲ್ಲಿ ಕೂರಿಸಿದರೆ ಮುಂದಿನಿಂದ ಆಗಷ್ಟೇ ಒಳಬಂದ ತಂಪು ಗಾಳಿಯನ್ನು, ಪ್ರೊಸೆಸರನ್ನು ತಲುಪುವ ಮೊದಲೇ ಆ ಫ್ಯಾನು ಎತ್ತಿ ಹೊರಗೆ ಹಾಕಿಬಿಡುತ್ತದೆ. ತೋಡಿನ ನೀರು ತೋಟಕ್ಕೆ ಹೊಕ್ಕ ಬಾಯಲ್ಲೇ ಕಟ್ಟೆ ಒಡೆದು ಹೊರಗೆ ಹರಿದುಹೋದ ಹಾಗೆ ಇದು.

ಬಿಸಿ ಗಾಳಿ ತಾನಾಗಿ ಮೇಲೇರುವುದರಿಂದ ಮೇಲಿನ ಫ್ಯಾನು ಕಡ್ಡಾಯ ಎಂಬ ಮಾತು ಚಾಲ್ತಿಯಲ್ಲಿದೆ. ಬಿಸಿ ಗಾಳಿ ಮೇಲೇರುವುದು ನಿಜ, ಆದರೆ ಮೊಳದೆತ್ತರದ ಪೆಟ್ಟಿಗೆಯೊಳಗೆ ಆ ಸೆಳೆತ ಬಹಳ ದುರ್ಬಲ. 45 ಸೆಂಟಿಮೀಟರ್ ಎತ್ತರದ ಕ್ಯಾಬಿನೆಟ್ಟಿನಲ್ಲಿ ಒಳಗಿನ ಗಾಳಿ ಹೊರಗಿನದಕ್ಕಿಂತ 15 ಡಿಗ್ರಿ ಬಿಸಿಯಿದ್ದಾಗ ಹುಟ್ಟುವ ಒತ್ತಡ ಸುಮಾರು ಕಾಲು ಪ್ಯಾಸ್ಕಲ್. ಸಾಧಾರಣ 120 ಮಿಲಿಮೀಟರ್ ಫ್ಯಾನು ಪೂರ್ಣ ವೇಗದಲ್ಲಿ 15 ಪ್ಯಾಸ್ಕಲ್ಲಿನಷ್ಟು ಒತ್ತಡ ಕೊಡಬಲ್ಲದು. ಹಾಗಾಗಿ ಫ್ಯಾನು ತಿರುಗುತ್ತಿರುವ ತನಕ ಗಾಳಿ ಫ್ಯಾನು ಹೇಳಿದ ಕಡೆಗೆ ಹೋಗುತ್ತದೆ, ತನಗೆ ಇಷ್ಟ ಬಂದ ಕಡೆಗಲ್ಲ.

ಪ್ರೊಸೆಸರಿನ ಹೀಟ್‌ಸಿಂಕ್ ಗೋಪುರದಂತೆ ನಿಂತಿರುವ ಮಾದರಿಯಾದರೆ ಅದರ ಫ್ಯಾನು ಕೂಡ ಮುಂದಿನಿಂದ ಹಿಂದಕ್ಕೇ ಗಾಳಿ ನೂಕಬೇಕು. ಅದು ಎದುರುಮುಖವಾಗಿದ್ದರೆ ಹಿಂದಿನ ಫ್ಯಾನಿಗೂ ಇದಕ್ಕೂ ಜಗ್ಗಾಟವಾಗುತ್ತದೆ. ಪ್ರೊಸೆಸರಿನ ಜೊತೆ ಬರುವ ಗಿಡ್ಡ ಹೀಟ್‌ಸಿಂಕ್ ಮದರ್‌ಬೋರ್ಡಿನ ಕಡೆಗೆ ಗಾಳಿ ಊದುವುದರಿಂದ ಅದಕ್ಕೆ ಈ ಪ್ರಶ್ನೆಯಿಲ್ಲ. ನೀರಿನಿಂದ ತಂಪುಗೊಳಿಸುವ ಸಾಧನವಿದ್ದರೆ ಅದರ ರೇಡಿಯೇಟರನ್ನು, ಅಂದರೆ ನೀರಿನ ಬಿಸಿಯನ್ನು ಗಾಳಿಗೆ ದಾಟಿಸುವ ಭಾಗವನ್ನು, ಮೇಲ್ಭಾಗದಲ್ಲಿ ಹೊರಮುಖವಾಗಿ ಕೂರಿಸುವುದು ರೂಢಿ. ಅದರೊಳಗಿನ ಗಾಳಿಗುಳ್ಳೆಗಳು ಎತ್ತರದ ಜಾಗಕ್ಕೆ ಸೇರುವುದರಿಂದ, ಪಂಪು ಇಡೀ ಸುತ್ತಿನಲ್ಲಿ ಅತಿ ಎತ್ತರದ ಭಾಗವಾಗದಂತೆ ನೋಡಿಕೊಳ್ಳಬೇಕು.

ಎಸ್‌ಎಂಪಿಎಸ್ ಕೆಳಭಾಗದಲ್ಲಿದ್ದು, ಅದರ ಅಡಿಯಲ್ಲಿ ಕ್ಯಾಬಿನೆಟ್ಟಿಗೆ ಜಾಲರಿಯ ತೂತುಗಳಿದ್ದರೆ ಫ್ಯಾನಿನ ಮುಖ ಕೆಳಗಿರಲಿ; ಆಗ ಅದು ಕೋಣೆಯ ಗಾಳಿಯನ್ನು ನೇರವಾಗಿ ಎಳೆದುಕೊಂಡು ಹಿಂದಕ್ಕೆ ಬಿಡುತ್ತದೆ. ಅಂಥ ಕ್ಯಾಬಿನೆಟ್ಟನ್ನು ಚಾಪೆ ಅಥವಾ ಹಾಸಿಗೆಯ ಮೇಲೆ ಇಡಬಾರದು.

ಫ್ಯಾನುಗಳನ್ನೆಲ್ಲ ಸರಿಯಾಗಿ ಕೂರಿಸಿಯೂ ದಾರಿ ಮುಚ್ಚಿಹೋಗಿರುವುದುಂಟು. ಕೆಲವು ಕ್ಯಾಬಿನೆಟ್ಟುಗಳ ಮುಂಭಾಗಕ್ಕೆ ಇಡಿಯಾದ ಗಾಜು ಅಥವಾ ಪ್ಲಾಸ್ಟಿಕ್ ಹಲಗೆ ಹಾಕಿ, ಗಾಳಿಗೆ ಅಂಚಿನಲ್ಲಿ ಬೆರಳಗಲದ ಸೀಳನ್ನಷ್ಟೇ ಬಿಟ್ಟಿರುತ್ತಾರೆ. ಅದರ ಹಿಂದೆ ಮೂರು ಫ್ಯಾನುಗಳಿದ್ದರೂ ಅವು ಉಸಿರು ಕಟ್ಟಿಕೊಂಡು ತಿರುಗುತ್ತವೆ. ಕೊಳ್ಳುವಾಗಲೇ ಮುಂಭಾಗ ಜಾಲರಿಯದ್ದಾಗಿರುವುದನ್ನು ಆರಿಸಿದರೆ ಮುಂದಿನ ಎಷ್ಟೋ ಪೇಚಾಟ ತಪ್ಪುತ್ತದೆ. ಇನ್ನು ಮೇಜಿನ ಕೆಳಗೆ ಮೂರು ಕಡೆ ಮುಚ್ಚಿದ ಗೂಡಿನಲ್ಲಿ ಕ್ಯಾಬಿನೆಟ್ ಇಟ್ಟರೆ, ಹಿಂದಿನಿಂದ ಹೊರಬಂದ ಬಿಸಿ ಗಾಳಿ ಸುತ್ತಿ ಬಂದು ಮುಂದಿನಿಂದ ಒಳಗೆ ಹೋಗುತ್ತದೆ. ಗೋಡೆಗೂ ಕ್ಯಾಬಿನೆಟ್ಟಿನ ಬೆನ್ನಿಗೂ ನಡುವೆ ಕನಿಷ್ಠ ಒಂದು ಗೇಣು ಜಾಗ ಬಿಡಬೇಕು.

ಹರಿವು ಬೇರೆ, ಒತ್ತಡ ಬೇರೆ

ತೋಟಕ್ಕೆ ನೀರು ಹಾಯಿಸುವವರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ದಪ್ಪ ಪೈಪಿನ ಬಾಯಿಂದ ನೀರು ಧಾರಾಳವಾಗಿ ಸುರಿಯುತ್ತದೆ. ಅದೇ ನೀರು ಸ್ಪ್ರಿಂಕ್ಲರಿನ ಸಣ್ಣ ತೂತಿನ ಮೂಲಕ ದೂರಕ್ಕೆ ಚಿಮ್ಮಬೇಕಾದರೆ ಪಂಪಿಗೆ ಒತ್ತಡ ಬೇಕು. ನೀರು ಧಾರಾಳವಾಗಿ ಎತ್ತುವ ಪಂಪುಗಳೆಲ್ಲ ಸ್ಪ್ರಿಂಕ್ಲರನ್ನು ತಿರುಗಿಸಲಾರವು.

ಫ್ಯಾನುಗಳಲ್ಲೂ ಹಾಗೆಯೇ. ಸಿಎಫ್‌ಎಂ ಅಂಕಿ ಎದುರಿಗೆ ಯಾವ ಅಡ್ಡಿಯೂ ಇಲ್ಲದಾಗ ಸಾಗುವ ಗಾಳಿಯನ್ನು ಹೇಳುತ್ತದೆ. ಸ್ಟ್ಯಾಟಿಕ್ ಪ್ರೆಶರ್ ಎಂಬ ಇನ್ನೊಂದು ಅಂಕಿ, ಅಡ್ಡಿಯನ್ನು ಎದುರಿಸಿ ಗಾಳಿ ನೂಕುವ ಶಕ್ತಿಯನ್ನು ನೀರಿನ ಮಟ್ಟದ ಮಿಲಿಮೀಟರುಗಳಲ್ಲಿ ಹೇಳುತ್ತದೆ. ಧೂಳಿನ ಜಾಲರಿಯ ಹಿಂದೆ ಮತ್ತು ರೇಡಿಯೇಟರಿನ ಮೇಲೆ ಒತ್ತಡ ಹೆಚ್ಚಿರುವ ಫ್ಯಾನು ಬೇಕು. ಹಿಂಭಾಗದಲ್ಲಿ ಅಡ್ಡಿ ಕಡಿಮೆಯಿರುವುದರಿಂದ ಸಾಧಾರಣದ್ದೂ ನಡೆಯುತ್ತದೆ. ಪೊಟ್ಟಣದಲ್ಲಿ 50 ಸಿಎಫ್‌ಎಂ ಎಂದಿದ್ದರೂ ಜಾಲರಿ ಮತ್ತು ಕೇಬಲ್ಲುಗಳ ನಡುವೆ ಅಷ್ಟು ಗಾಳಿ ದೊರೆಯುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡು ಆರಿಸಬೇಕು.

ಧೂಳು ಯಾವ ದಾರಿಯಿಂದ ಬರುತ್ತದೆ

ಮುರಕಲ್ಲಿನ ಊರಿನಲ್ಲಿ ಬೇಸಗೆಯ ಕೆಂಪು ಧೂಳಿನಿಂದ ತಪ್ಪಿಸಿಕೊಳ್ಳಲು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಅಂಗಳದಲ್ಲಿ ಅಡಿಕೆ ಒಣಗುವ, ಜಗಲಿಯಲ್ಲಿ ಸುಲಿಯುವ ಮನೆಗಳಲ್ಲಿ ಸಿಪ್ಪೆಯ ನಾರಿನ ನಯವಾದ ಧೂಳೂ ಇರುತ್ತದೆ; ಅದು ಹೀಟ್‌ಸಿಂಕಿನ ಹಲ್ಲುಗಳ ನಡುವೆ ಕೂತು ಕಂಬಳಿಯಂತೆ ಹೆಣೆದುಕೊಳ್ಳುತ್ತದೆ. ಧೂಳು ಎಲ್ಲಿಂದ ಒಳಬರುತ್ತದೆ ಎಂಬುದನ್ನು ಕ್ಯಾಬಿನೆಟ್ಟಿನೊಳಗಿನ ಒತ್ತಡ ತೀರ್ಮಾನಿಸುತ್ತದೆ.

ಒಳಕ್ಕೆ ನೂಕುವ ಗಾಳಿ ಹೊರಕ್ಕೆ ದೂಡುವ ಗಾಳಿಗಿಂತ ಹೆಚ್ಚಿದ್ದರೆ ಒಳಗಿನ ಒತ್ತಡ ಹೊರಗಿನದಕ್ಕಿಂತ ತುಸು ಹೆಚ್ಚಾಗುತ್ತದೆ. ಆಗ ಸಂದುಗೊಂದುಗಳಿಂದ ಗಾಳಿ ಹೊರಗೆ ಸೋರುತ್ತದೆ, ಒಳಬರುವುದೆಲ್ಲ ಫ್ಯಾನಿನ ಮುಂದಿನ ಜಾಲರಿಯ ಮೂಲಕವೇ ಸೋಸಿ ಬರುತ್ತದೆ. ಇದನ್ನು ಪಾಸಿಟಿವ್ ಪ್ರೆಶರ್ ಎನ್ನುತ್ತಾರೆ. ಹೊರದೂಡುವ ಗಾಳಿ ಹೆಚ್ಚಿದ್ದರೆ ಇದಕ್ಕೆ ವಿರುದ್ಧ. ಕೊರತೆಯಾದ ಗಾಳಿಯನ್ನು ಕ್ಯಾಬಿನೆಟ್ ಯುಎಸ್‌ಬಿ ತೂತು, ಹಲಗೆಯ ಅಂಚು, ಹಿಂದೆ ಕಾರ್ಡು ಕೂರಿಸಲು ಬಿಟ್ಟ ಖಾಲಿ ಸ್ಲಾಟುಗಳ ಸೀಳು ಹೀಗೆ ಸಿಕ್ಕ ಕಡೆಯಿಂದೆಲ್ಲ ಎಳೆದುಕೊಳ್ಳುತ್ತದೆ, ಜೊತೆಗೆ ಸೋಸದ ಧೂಳನ್ನೂ. ಉಷ್ಣತೆಯ ದೃಷ್ಟಿಯಿಂದ ಎರಡಕ್ಕೂ ದೊಡ್ಡ ಅಂತರವಿರಲಾರದು, ಆದರೆ ಧೂಳಿನ ದೃಷ್ಟಿಯಿಂದ ನಮ್ಮ ಊರಿಗೆ ಮೊದಲನೆಯದೇ ಸರಿ. ಮುಂದೆ ಎರಡು ಹಿಂದೆ ಒಂದು ಎಂಬ ಜೋಡಣೆಯನ್ನು ಮೆಚ್ಚಲು ಇದು ಇನ್ನೊಂದು ಕಾರಣ.

ವೇಗ ಮತ್ತು ಸದ್ದು

ಫ್ಯಾನಿನ ವೇಗ ಎರಡರಷ್ಟಾದರೆ ಗಾಳಿ ಎರಡರಷ್ಟಾಗುತ್ತದೆ, ಒತ್ತಡ ನಾಲ್ಕರಷ್ಟು, ಬೇಕಾಗುವ ವಿದ್ಯುತ್ತು ಎಂಟರಷ್ಟು. ಸದ್ದು ಕೂಡ ಬಹಳವಾಗಿ ಏರುತ್ತದೆ. ಸುಮಾರು 15 ಡೆಸಿಬೆಲ್. ಒಂದು ಫ್ಯಾನಿನ ಪಕ್ಕದಲ್ಲಿ ಅಂಥದೇ ಇನ್ನೊಂದನ್ನು ಇಟ್ಟರೆ ಏರುವುದು 3 ಡೆಸಿಬೆಲ್ ಮಾತ್ರ. ಹೀಗಾಗಿ ಒಂದು ಫ್ಯಾನನ್ನು ಕಿರುಚುವಷ್ಟು ಓಡಿಸುವ ಬದಲು ಎರಡನ್ನು ನಿಧಾನವಾಗಿ ಓಡಿಸುವುದು ಲೇಸು. ಜಾಗವಿದ್ದಲ್ಲಿ 120 ಮಿಲಿಮೀಟರಿನ ಬದಲು 140ರ ಫ್ಯಾನು ಹಾಕಿದರೆ ವಿಸ್ತಾರ ಮೂರನೇ ಒಂದು ಪಾಲಿಗಿಂತಲೂ ಹೆಚ್ಚುತ್ತದೆ, ಅಷ್ಟೇ ಗಾಳಿ ಕಡಿಮೆ ವೇಗದಲ್ಲಿ ದೊರೆಯುತ್ತದೆ.

ಮೂರು ಪಿನ್ನಿನ ಫ್ಯಾನುಗಳ ವೇಗವನ್ನು ವೋಲ್ಟೇಜ್ ತಗ್ಗಿಸಿ ಬದಲಿಸಬೇಕು. ನಾಲ್ಕು ಪಿನ್ನಿನವಕ್ಕೆ ಮದರ್‌ಬೋರ್ಡ್ ಪ್ರತ್ಯೇಕ ಸೂಚನೆ ಕಳಿಸುವುದರಿಂದ ಅವು ಹೆಚ್ಚು ನಿಖರ. ಬಯೋಸ್‌ನಲ್ಲಿ, ಅಂದರೆ ಯಂತ್ರ ಚಾಲೂ ಆಗುವಾಗ ಮೊದಲು ಓಡುವ ತಂತ್ರಾಂಶದಲ್ಲಿ, ಯಾವ ಉಷ್ಣತೆಗೆ ಎಷ್ಟು ವೇಗ ಎಂದು ನಿಗದಿಪಡಿಸಬಹುದು. ಪಿನ್ನುಗಳನ್ನು ಸಿಕ್ಕಿಸುವ ಒಂದೇ ಜಾಗಕ್ಕೆ ಹಲವು ಫ್ಯಾನುಗಳನ್ನು ಸೇರಿಸುವವರು ಮದರ್‌ಬೋರ್ಡಿನ ಕೈಪಿಡಿ ನೋಡಬೇಕು. ಸಾಮಾನ್ಯವಾಗಿ ಅದರ ಮಿತಿ ಒಂದು ಆಂಪಿಯರ್.

ಊದುಬತ್ತಿಯ ಹೊಗೆ ಹೇಳುವುದು

ಗಾಳಿ ಕಣ್ಣಿಗೆ ಕಾಣುವುದಿಲ್ಲ, ಹೊಗೆ ಕಾಣುತ್ತದೆ. ಕೋಣೆಯ ಸೀಲಿಂಗ್ ಫ್ಯಾನನ್ನು ನಿಲ್ಲಿಸಿ, ಕಂಪ್ಯೂಟರನ್ನು ಚಾಲೂ ಮಾಡಿ, ಹಚ್ಚಿದ ಊದುಬತ್ತಿಯೊಂದನ್ನು ಕ್ಯಾಬಿನೆಟ್ಟಿನ ಹೊರಗೆ ನಾಲ್ಕು ಬೆರಳು ದೂರದಲ್ಲಿ ಹಿಡಿದು ನಿಧಾನವಾಗಿ ಸುತ್ತ ತಂದರೆ ಎಲ್ಲಿ ಎಳೆತವಿದೆ, ಎಲ್ಲಿ ದೂಡುವಿಕೆಯಿದೆ ಎಂಬುದು ಸ್ಪಷ್ಟವಾಗುತ್ತದೆ. ಬೂದಿ ಮತ್ತು ಕಿಡಿ ಒಳಗೆ ಬೀಳದಂತೆ ಎಚ್ಚರ ಬೇಕು. ಮಕ್ಕಳ ಕೈಗೆ ಕೊಡುವುದಾದರೆ ತೆಳುವಾದ ಕಾಗದದ ಚೂರನ್ನು ನೂಲಿಗೆ ಕಟ್ಟಿಕೊಟ್ಟರೂ ಆಗುತ್ತದೆ.

ಅಕ್ಕನ ಮಗನ ಯಂತ್ರವನ್ನು ನಾವು ಹೀಗೆಯೇ ಪರೀಕ್ಷಿಸಿದೆವು. ಮುಂದಿನ ಜಾಲರಿಯ ಎದುರು ಬತ್ತಿ ಹಿಡಿದಾಗ ಹೊಗೆ ಒಳಗೆ ಹೋಗುವ ಬದಲು ನಮ್ಮ ಮುಖಕ್ಕೆ ಬಂತು. "ಮಾವ, ಇಲ್ಲಿಯೂ ಹೊರಗೇ ಬರುತ್ತಿದೆಯಲ್ಲ" ಎಂದ. ಮೇಲೆ ಹಿಡಿದರೂ ಹೊರಕ್ಕೆ, ಹಿಂದಿನ ಫ್ಯಾನಿನಲ್ಲೂ ಹೊರಕ್ಕೆ. ಆದರೆ ಹಿಂಭಾಗದಲ್ಲಿ, ಗ್ರಾಫಿಕ್ಸ್ ಕಾರ್ಡಿನ ಕೆಳಗಿರುವ ಖಾಲಿ ಸ್ಲಾಟುಗಳ ಬಳಿಗೆ ತಂದಾಗ ಹೊಗೆ ದಾರದಂತೆ ನೆಟ್ಟಗಾಗಿ ಆ ಕಿರಿದಾದ ಸೀಳುಗಳೊಳಗೆ ನುಗ್ಗಿತು. ಟಾರ್ಚ್ ಹಿಡಿದು ನೋಡಿದರೆ ಪ್ರತಿಯೊಂದು ಸೀಳಿನ ಅಂಚಿನಲ್ಲೂ ಕುಂಕುಮದ ಗೆರೆಯಂತೆ ಕೆಂಪು ಧೂಳು ಕೂತಿತ್ತು. ನಾಲ್ಕೂ ಫ್ಯಾನುಗಳು ಹೊರಮುಖವಾಗಿದ್ದವು. ಗಾಜಿನ ಮೂಲಕ ದೀಪಗಳು ಕಾಣಲೆಂದು ಮುಂದಿನ ಎರಡನ್ನು ಅವನು ಹಿಂದುಮುಂದಾಗಿ ಕೂರಿಸಿದ್ದ. ಒಳಗೆ ಬೇಕಾದ ಗಾಳಿಯೆಲ್ಲ ಹಿಂದಿನ ಸೀಳುಗಳಿಂದ, ಅಂದರೆ ಬಿಸಿ ಗಾಳಿ ಹೊರಬೀಳುವ ಜಾಗದ ಪಕ್ಕದಿಂದಲೇ, ಮತ್ತೆ ಒಳಗೆ ಬರುತ್ತಿತ್ತು.

ಎಂಟು ಸ್ಕ್ರೂ ಬಿಚ್ಚಿ ಆ ಎರಡು ಫ್ಯಾನುಗಳನ್ನು ತಿರುಗಿಸಿದೆವು. ದಾರಿಗೆ ಅಡ್ಡವಾಗಿದ್ದ ಕೇಬಲ್ಲುಗಳನ್ನು ಮದರ್‌ಬೋರ್ಡಿನ ಹಿಂಬದಿಗೆ ಎಳೆದು ಕೇಬಲ್ ಟೈ ಹಾಕಿದೆವು. ಕೋಣೆಯಲ್ಲಿ ಅಷ್ಟೇ 34 ಡಿಗ್ರಿ ಇದ್ದಾಗ ಅದೇ ವಿಡಿಯೊ ಕೆಲಸಕ್ಕೆ ಪ್ರೊಸೆಸರ್ 82 ಡಿಗ್ರಿಯಲ್ಲಿ ನಿಂತಿತು. ಹೊಸ ಫ್ಯಾನು ಒಂದೂ ಬೇಕಾಗಲಿಲ್ಲ.

ಅಳೆಯುವಾಗ ಪ್ರೊಸೆಸರಿನ ಅಂಕಿಯನ್ನಷ್ಟೇ ಬರೆದುಕೊಂಡರೆ ಉಪಯೋಗವಿಲ್ಲ, ಕೋಣೆಯ ಉಷ್ಣತೆಯನ್ನೂ ಜೊತೆಗೆ ಬರೆದು ಎರಡರ ವ್ಯತ್ಯಾಸವನ್ನು ನೋಡಬೇಕು. ಜನವರಿಯ ಬೆಳಗಿನ 75 ಡಿಗ್ರಿಗೂ ಮೇ ತಿಂಗಳ ಮಧ್ಯಾಹ್ನದ 85 ಡಿಗ್ರಿಗೂ ನಡುವೆ ಯಂತ್ರದ ತಪ್ಪೇನೂ ಇಲ್ಲದಿರಬಹುದು, ಕೋಣೆಯೇ 10 ಡಿಗ್ರಿ ಬಿಸಿಯಾಗಿರಬಹುದು.

ಮಳೆಗಾಲದಲ್ಲಿ

ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆಯಲ್ಲಿ ಜೂನ್‌ನಿಂದ ಮುಂದೆ ತೊಂದರೆಯ ಸ್ವರೂಪ ಬದಲಾಗುತ್ತದೆ. ಚಾಲೂ ಇರುವ ಯಂತ್ರದ ಒಳಭಾಗ ಕೋಣೆಗಿಂತ ಬಿಸಿಯಾಗಿರುವುದರಿಂದ ಅಲ್ಲಿ ತೇವ ಕೂರುವುದಿಲ್ಲ. ವಾರಗಟ್ಟಲೆ ಮುಚ್ಚಿಟ್ಟ ಯಂತ್ರದಲ್ಲಿ ಮಾತ್ರ ಕೂತಿರುವ ಧೂಳು ತೇವವನ್ನು ಹೀರಿಕೊಂಡು ಲೋಹದ ಭಾಗಗಳಿಗೆ ಅಂಟಿಕೊಳ್ಳುತ್ತದೆ, ಕಡಲ ಹತ್ತಿರದ ಊರುಗಳಲ್ಲಿ ಉಪ್ಪಿನ ಅಂಶವೂ ಸೇರಿ ತುಕ್ಕಿಗೆ ದಾರಿಯಾಗುತ್ತದೆ. ಬಳಕೆಯಿಲ್ಲದಿದ್ದರೂ ದಿನಕ್ಕೆ ಸ್ವಲ್ಪ ಹೊತ್ತು ಯಂತ್ರವನ್ನು ಓಡಿಸುವುದು ಒಳ್ಳೆಯದು. ಹಿಂದಿನ ಖಾಲಿ ಸ್ಲಾಟಿನ ತಗಡುಗಳು ಕಳೆದುಹೋಗಿದ್ದರೆ ಜಾಲರಿಯ ತುಂಡಿನಿಂದ ಮುಚ್ಚಬೇಕು. ಬೆಚ್ಚಗಿನ ಜಾಗ ಹುಡುಕಿಕೊಂಡು ಹಲ್ಲಿ ಮತ್ತು ಇರುವೆ ಒಳಸೇರುವುದು ಈ ತೂತುಗಳಿಂದಲೇ.

ಸ್ವಚ್ಛಗೊಳಿಸುವಾಗ ಪ್ಲಗ್ ಕಿತ್ತು, ಕ್ಯಾಬಿನೆಟ್ಟನ್ನು ಜಗಲಿಗೆ ತಂದು, ಮೆತ್ತಗಿನ ಬ್ರಶ್ಶಿನಿಂದ ಧೂಳು ಸಡಿಲಿಸಿ ಬ್ಲೋವರಿನಿಂದ ಊದಬೇಕು. ಊದುವಾಗ ಫ್ಯಾನಿನ ಎಲೆಗಳನ್ನು ಬೆರಳಿನಿಂದ ಹಿಡಿದುಕೊಳ್ಳುವುದು ಅಗತ್ಯ. ಬಿಟ್ಟರೆ ಅದು ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಕೆಡಬಹುದು. ಜಾಲರಿಯನ್ನು ನೀರಿನಲ್ಲಿ ತೊಳೆಯಬಹುದು, ಆದರೆ ಪೂರ್ತಿ ಒಣಗುವ ತನಕ ಮತ್ತೆ ಕೂರಿಸಬಾರದು, ಮಳೆಗಾಲದಲ್ಲಿ ಅದಕ್ಕೆ ಎರಡು ದಿನ ಹಿಡಿದರೂ ಕಾಯಬೇಕು.

ಅಕ್ಕನ ಮಗ ಈಗ ಕ್ಯಾಬಿನೆಟ್ಟಿನ ಬದಿಯ ತಗಡಿನ ಒಳಮೈಗೆ ಒಂದು ಚೀಟಿ ಅಂಟಿಸಿದ್ದಾನೆ. ದಿನಾಂಕ, ಕೋಣೆಯ ಉಷ್ಣತೆ, ಪ್ರೊಸೆಸರಿನ ಉಷ್ಣತೆ, ಎರಡರ ವ್ಯತ್ಯಾಸ ಎಂದು ನಾಲ್ಕು ಕಾಲಮುಗಳಿವೆ. ಫ್ಯಾನು ತಿರುಗಿಸುವ ಮೊದಲಿನ ಸಾಲಿನಲ್ಲಿ ವ್ಯತ್ಯಾಸ 61, ತಿರುಗಿಸಿದ ಮೇಲೆ 48. ಅಡಿಕೆ ಸುಲಿದು ಮುಗಿದ ವಾರ ಅದು 54ಕ್ಕೆ ಏರಿತ್ತು. ಜಾಲರಿ ತೊಳೆದು ಒಣಗಿಸಿ ಹಾಕಿದ ಮೇಲಿನ ಸಾಲಿನಲ್ಲಿ ಮತ್ತೆ 48 ಎಂದಿದೆ.